ಐದರ ಹುಡುಗಿಗೆ ಇಪ್ಪತ್ತೈದರ ಬಟ್ಟೆ

ಹೆಣ್ಣುಮಗುವಿನ ಬಾಲ್ಯ ಎಲ್ಲಿಯವರೆಗೆ ಅಂತ ಕೇಳಿದರೆ ಕಾನೂನು ಹದಿನೆಂಟು ವರ್ಷ ಅನ್ನುತ್ತದೆ. ರೈಲ್ವೆಯವರು ಸ್ವಲ್ಪ ಜಿಪುಣರು, ಹನ್ನೆರಡಕ್ಕೇ ಮುಗಿಸಿ ಪೂರ್ತಿ ಟಿಕೆಟ್ ಹರಿಯುತ್ತಾರೆ. ಇವರಿಬ್ಬರನ್ನೂ ಮೀರಿಸಿದವರು ರೆಡಿಮೇಡ್ ಬಟ್ಟೆಯವರು. ಅವರ ಲೆಕ್ಕದಲ್ಲಿ ಡೈಪರ್ ಬಿಚ್ಚಿದ ದಿನವೇ ಬಾಲ್ಯ ಮುಗಿಯಿತು, ಮರುದಿನದಿಂದ ಆಕೆ ‘ಲಿಟ್ಲ್ ದಿವಾ’. ಈ ದಿವಾ ಬೆಳಿಗ್ಗೆ ಎದ್ದು ಏನು ಮಾಡುತ್ತಾಳೋ ನನಗೆ ಗೊತ್ತಿಲ್ಲ. ಮೂಗು ಸುರಿಸಿಕೊಂಡು ಅಂಗನವಾಡಿಗೆ ಹೋಗುವವಳಲ್ಲ ಅನ್ನುವುದಂತೂ ಖಾತ್ರಿ.

ತಂಗಿಯ ಮಗಳಿಗೆ ಐದು ತುಂಬುತ್ತಿತ್ತು. ಒಂದು ಫ್ರಾಕ್ ತರೋಣವೆಂದು ಜಯನಗರದ ದೊಡ್ಡ ಅಂಗಡಿಯೊಂದರ ಮಕ್ಕಳ ಮಹಡಿ ಹತ್ತಿದೆ.

“ಪಾರ್ಟಿ ವೇರ್ ತೋರಿಸ್ಲಾ ಮೇಡಂ, ಎತ್ನಿಕ್ಕಾ?”

“ಕಾಟನ್ ಫ್ರಾಕ್ ಇದ್ರೆ ತೋರ್ಸಪ್ಪ. ಆಡ್ಕೊಂಡಿರೋದಕ್ಕೆ.”

“ಕಾಟನ್ನಾ?” ಹುಡುಗ ಕನಿಕರದಿಂದ ನಕ್ಕ. “ಅದನ್ನ ಈಗ ಯಾರೂ ಕೇಳಲ್ಲ ಮೇಡಂ. ಇದು ನೋಡಿ, ರೀಲ್ಸಲ್ಲಿ ಇದೇ ಓಡ್ತಿರೋದು.”

ಓಡುತ್ತಿದ್ದದ್ದು ಹೊಟ್ಟೆಯ ಮೇಲಕ್ಕೇ ಮುಗಿದುಹೋಗುವ ಒಂದು ಟಾಪು, ಅದಕ್ಕೊಂದು ಮಿರಿಮಿರಿ ಸ್ಕರ್ಟು. ಟಾಪಿಗೆ ಭುಜವಿರಲಿಲ್ಲ, ಎಲಾಸ್ಟಿಕ್ಕಿನ ಭರವಸೆಯ ಮೇಲೆ ನಿಲ್ಲಬೇಕು. ಸ್ಕರ್ಟನ್ನು ಮುಟ್ಟಿದರೆ ಚಮಕಿ ಕೈಗೆ ಬಂತು. ಒಳಗಿನ ನೆಟ್ ಬಟ್ಟೆ ಪಾತ್ರೆ ಉಜ್ಜುವುದಕ್ಕೆ ಲಾಯಕ್ಕಾಗಿತ್ತು. ಸೊಂಟದ ಬಳಿ ಎರಡು ಜೇಬು ಕಂಡು ಖುಷಿಯಾಗಿ ಬೆರಳು ಹಾಕಿದೆ, ಹೋಗಲಿಲ್ಲ. ಜೇಬಿನ ಬಾಯಿಯಷ್ಟೇ ಇತ್ತು, ಹೊಟ್ಟೆ ಇರಲಿಲ್ಲ. ಐದು ವರ್ಷದವಳ ಬಳಿ ಬಚ್ಚಿಡುವುದಕ್ಕೆ ಒಂದು ಬಳಪ, ಒಂದು ಹುಣಸೆಬೀಜ, ಅರ್ಧ ಚಕ್ಕುಲಿ ಇರುತ್ತದೆಂದು ಡಿಸೈನರ್ ಸಾಹೇಬರಿಗೆ ಯಾರೂ ಹೇಳಿದಂತಿಲ್ಲ.

“ಇದನ್ನ ಹಾಕ್ಕೊಂಡು ಮಗು ಜಾರೋಬಂಡೆ ಹತ್ತೋದು ಹೇಗಪ್ಪ?”

“ಹತ್ತೋ ಹಾಗಿದ್ರೆ ಬಾಯ್ಸ್ ಸೆಕ್ಷನ್ ನೋಡಿ ಮೇಡಂ. ಆ ಕಡೆ.”

ಆ ಕಡೆ ಹೋಗಿ ನೋಡಿದೆ. ಸತ್ಯವಾಗಿಯೂ ಅಲ್ಲಿ ಬಾಲ್ಯ ಇನ್ನೂ ಸ್ಟಾಕಿನಲ್ಲಿತ್ತು! ದಪ್ಪ ಹತ್ತಿ, ಮೊಣಕಾಲಿಗೆ ಎರಡು ಪದರ, ನಿಜವಾದ ಜೇಬು, ಎದೆಯ ಮೇಲೆ ಡೈನೋಸಾರು, ರಾಕೆಟ್ಟು, ಜೆಸಿಬಿ. ಈ ಕಡೆ ಹುಡುಗಿಯರ ಎದೆಯ ಮೇಲೆ ‘ಬಾರ್ನ್ ಟು ಶಾಪ್’. ಅದರ ಪಕ್ಕದಲ್ಲೇ ಎರಡಂಗುಲ ಹಿಮ್ಮಡಿಯ ಚಪ್ಪಲಿ, ಸೈಜು ನನ್ನ ಅಂಗೈಯಷ್ಟು. ನೆಟ್ಟಗೆ ನಡೆಯಲು ಕಲಿತು ಮೂರು ವರ್ಷ ಆಗಿರುವವಳಿಗೆ ಮತ್ತೆ ಮೊದಲಿನಿಂದ ನಡೆಯಲು ಕಲಿಸುವ ಯೋಜನೆಯಿರಬೇಕು.

ಇದು ನಮ್ಮವರ ಸ್ವಂತ ಬುದ್ಧಿ ಎಂದು ಹೊಗಳಿದರೆ ಅನ್ಯಾಯ. ಗುರುಗಳು ಸಾಗರದಾಚೆ ಇದ್ದಾರೆ. ಅಮೆರಿಕದ ಆಬರ್‌ಕ್ರಾಂಬಿ ಆ್ಯಂಡ್ ಫಿಚ್ ಕಂಪನಿ 2002ರಲ್ಲಿ ಪುಟ್ಟ ಹುಡುಗಿಯರ ಒಳಉಡುಪಿನ ಮೇಲೆ ಕಣ್ಣು ಹೊಡೆಯುವ ಮಾತುಗಳನ್ನು ಅಚ್ಚು ಹಾಕಿ ಮಾರಿತು. ಜನ ಬೈದಾಗ, ನಾವು ಮುದ್ದಾಗಿರಲೆಂದು ಮಾಡಿದ್ದು, ತಪ್ಪು ನೋಡುವವರ ಕಣ್ಣಿನಲ್ಲಿದೆ ಅಂದಿತು. ಕಣ್ಣಿನ ವೈದ್ಯರ ಬಳಿ ಹೋಗಬೇಕಾದವರು ಗ್ರಾಹಕರೇ ಅಂತಾಯಿತು. ಒಂಬತ್ತು ವರ್ಷ ಆ ಕಂಪನಿ ಏನು ಪಾಠ ಕಲಿಯಿತೆಂದರೆ, 2011ರಲ್ಲಿ ಅದರ ಮಕ್ಕಳ ವಿಭಾಗ ಪ್ಯಾಡ್ ಇಟ್ಟ ಬಿಕಿನಿ ಟಾಪನ್ನು ತಂದಿತು. ಏಳೆಂಟು ವರ್ಷದವರಿಂದ ಶುರುವಾಗುವ ವಿಭಾಗ ಅದು. ಗಲಾಟೆಯಾದ ಮೇಲೆ ಹೆಸರಿನಿಂದ ‘ಪುಷ್ ಅಪ್’, ಅಂದರೆ ಎದೆ ಎತ್ತಿ ತೋರಿಸುವ, ಎಂಬ ಮಾತು ತೆಗೆದು, ಹನ್ನೆರಡು ದಾಟಿದವರಿಗೆ ಸರಿಹೋಗುತ್ತದೆ ಎಂಬ ಮಾತಿಗೆ ನಮ್ಮ ಒಪ್ಪಿಗೆಯೂ ಇದೆ ಎಂದು ದೊಡ್ಡ ಮನಸ್ಸು ತೋರಿಸಿತು. ಅದೇ ವರ್ಷ ಅಮೆರಿಕದ ಇನ್ನೊಂದು ದೊಡ್ಡ ಅಂಗಡಿ ಜೆ.ಸಿ. ಪೆನ್ನಿ ಹುಡುಗಿಯರಿಗೆಂದು ಒಂದು ಟೀ ಶರ್ಟ್ ತಂದಿತ್ತು: ನಾನು ಎಷ್ಟು ಚೆಂದ ಅಂದರೆ ಹೋಂವರ್ಕ್ ಮಾಡುವ ಹಾಗಿಲ್ಲ, ಅದನ್ನು ಅಣ್ಣನೇ ಮಾಡಿಕೊಡಬೇಕು, ಅನ್ನುವುದು ಬರಹದ ಸಾರ. ಅಣ್ಣನ ಅಭಿಪ್ರಾಯವನ್ನು ಯಾರೂ ಕೇಳಿದ್ದಿಲ್ಲ. ಬೈಗುಳ ತಿಂದು ಅದನ್ನೂ ವಾಪಸು ತೆಗೆದುಕೊಂಡರು.

ಬ್ರಿಟನ್ನಿನಲ್ಲಿ ಪ್ರೈಮಾರ್ಕ್ 2010ರಲ್ಲಿ ಇಂಥದ್ದೇ ಪ್ಯಾಡ್ ಬಿಕಿನಿಯನ್ನು ಕಪಾಟಿನಿಂದ ಇಳಿಸಿತು. ಮರುವರ್ಷ, ಬಾಲ್ಯವನ್ನು ವ್ಯಾಪಾರಕ್ಕಿಡುವುದರ ಬಗ್ಗೆ ಸರ್ಕಾರ ರೆಗ್ ಬೈಲಿ ಎಂಬವರಿಂದ ಬರೆಸಿದ ವರದಿ ಬಂತು, ಅಂಗಡಿಗಳ ಒಕ್ಕೂಟ ಮಕ್ಕಳ ಬಟ್ಟೆ ಹೇಗಿರಬೇಕೆಂದು ನಿಯಮಾವಳಿ ಹೊರಡಿಸಿತು. ಎಂಟು ವರ್ಷದ ಮಗುವಿನ ಬಟ್ಟೆ ಎಂಟು ವರ್ಷದ ಮಗುವಿಗೆ ತಕ್ಕಂತಿರಲಿ ಎಂದು ತಿಳಿಯುವುದಕ್ಕೆ ಒಂದು ಸಾಮ್ರಾಜ್ಯ ಆಳಿದ ದೇಶಕ್ಕೂ ವರದಿ ಬೇಕಾಯಿತು.

“ಅದೆಲ್ಲ ಫಾರಿನ್ನಿನವರ ಕಥೆ ಕಣ್ರೀ, ನಮ್ಮದು ಸಂಸ್ಕೃತಿ” ಎನ್ನುವವರು ಒಮ್ಮೆ ಯಾವುದಾದರೂ ಕಲ್ಯಾಣ ಮಂಟಪದ ಮುಂದಿನ ಸಾಲಿಗೆ ಬನ್ನಿ. ಅಲ್ಲೊಬ್ಬಳು ನಾಲ್ಕು ವರ್ಷದ ಸಂಸ್ಕೃತಿ ಕೂತಿದ್ದಾಳೆ. ಲಂಗ ಉದ್ದವೇ ಇದೆ, ಜರಿಯೂ ಇದೆ. ಕುಪ್ಪಸಕ್ಕೆ ಮಾತ್ರ ಬೆನ್ನಿಲ್ಲ. ಬೆನ್ನಿರಬೇಕಾದಲ್ಲಿ ಎರಡು ದಾರ, ದಾರದ ತುದಿಗೆ ಘಂಟೆ ಗಾತ್ರದ ಎರಡು ಕುಚ್ಚು. ಒರಗಿದರೆ ಕುಚ್ಚು ಚುಚ್ಚುತ್ತದೆ, ಒರಗದಿರೋಣವೆಂದರೆ ನಿದ್ದೆ ಬರುತ್ತದೆ. ಕೊರಳಲ್ಲಿ ಅಜ್ಜಿಯ ಕಾಸಿನ ಸರದ ಗಿಲೀಟು ತಂಗಿ, ತಲೆಯಲ್ಲಿ ತಲೆಗಿಂತ ಭಾರದ ಮೊಗ್ಗಿನ ಜಡೆ, ತುಟಿಗೆ ಅಮ್ಮನದೇ ಬಣ್ಣ. ಪಾಯಸ ತಿಂದರೆ ಬಣ್ಣ ಹೋಗುತ್ತದೆಂದು ಪಾಯಸ ಬಂದ್. ಈಚೆಗೆ ಇವಳಿಗೆ ನೆರಿಗೆಯನ್ನು ಮೊದಲೇ ಹೊಲಿದಿಟ್ಟ ರೆಡಿಮೇಡ್ ಸೀರೆಯೂ ಬಂದಿದೆ. ಪ್ಯಾಂಟಿನಂತೆ ಏರಿಸಿ ಹುಕ್ ಹಾಕಿದರೆ ಗೃಹಿಣಿ ಸಿದ್ಧ.

“ಥೇಟ್ ಮದುಮಗಳು!” ಅಂತ ಒಬ್ಬ ದೊಡ್ಡಮ್ಮ ದೃಷ್ಟಿ ತೆಗೆಯುತ್ತಾರೆ. “ಈಗ್ಲೇ ಗಂಡು ನೋಡ್ಬಹುದು ಬಿಡ್ರಿ” ಅಂತ ಪಕ್ಕದ ಮಾವಯ್ಯ ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ಕರ್ನಾಟಕದಲ್ಲಿ 2017ರಿಂದ ಬಾಲ್ಯವಿವಾಹ ಮೂಲದಲ್ಲೇ ಅಸಿಂಧು. ಮಾವಯ್ಯನ ಹೊಗಳಿಕೆಗೆ ಮಾತ್ರ ಯಾವ ತಿದ್ದುಪಡಿಯೂ ತಟ್ಟಿಲ್ಲ.

ಟಿವಿಯ ವಿಷಯ ಬೇಗ ಮುಗಿಸುತ್ತೇನೆ, ಎಲ್ಲರೂ ನೋಡಿದ್ದೇ. ಡ್ಯಾನ್ಸ್ ರಿಯಾಲಿಟಿ ಶೋಗಳಲ್ಲಿ ಪುಟ್ಟ ಮಕ್ಕಳನ್ನು ವಯಸ್ಸಿಗೆ ಮೀರಿದ ರೀತಿಯಲ್ಲಿ, ಅಶ್ಲೀಲವಾಗಿ ತೋರಿಸಬೇಡಿ ಎಂದು ಕೇಂದ್ರದ ವಾರ್ತಾ ಇಲಾಖೆ ಜೂನ್ 2019ರಲ್ಲಿ ಚಾನೆಲ್ಲುಗಳಿಗೆ ಸಲಹೆ ಕೊಟ್ಟಿತು. ಸಲಹೆ ಅಂದಮೇಲೆ ಗೊತ್ತಲ್ಲ, ಕೊಟ್ಟವರಿಗೆ ಪುಣ್ಯ, ಪಡೆದವರಿಗೆ ಜಾಹೀರಾತು. ಅದಿರಲಿ, ಅದಕ್ಕಿಂತ ಸೊಗಸಾದದ್ದು ಸ್ಕೂಲ್ ಡೇ. ಬೆಳಿಗ್ಗೆ ಅಸೆಂಬ್ಲಿಯಲ್ಲಿ ರಿಬ್ಬನ್ನಿನ ಬಣ್ಣ ತಪ್ಪಿದರೆ ಡೈರಿಯಲ್ಲಿ ನೋಟ್ ಬರೆಯುವ ಶಾಲೆಯೇ, ಸಂಜೆ ಎರಡನೇ ಕ್ಲಾಸಿನ ಹನ್ನೆರಡು ಹುಡುಗಿಯರನ್ನು ಬಾಡಿಗೆ ಡ್ರೆಸ್ಸಿನಲ್ಲಿ ಐಟಂ ಸಾಂಗಿಗೆ ಕುಣಿಸುತ್ತದೆ. ಬಾಡಿಗೆ ದುಡ್ಡು ಪೋಷಕರದ್ದು, ಸ್ಟೆಪ್ಪು ಮೇಷ್ಟ್ರದ್ದು. ಮುಖ್ಯ ಅತಿಥಿಗಳು ಕೊನೆಯಲ್ಲಿ ಮೈಕು ಹಿಡಿದು ಇಂದಿನ ಮಕ್ಕಳು ಮೊಬೈಲಿನಿಂದ ಕೆಡುತ್ತಿದ್ದಾರೆ ಅನ್ನುತ್ತಾರೆ.

ಈ ವ್ಯಾಪಾರದ ಒಳಗುಟ್ಟು ಬಲು ಸರಳ. ಮಕ್ಕಳ ಬಟ್ಟೆಗೆ ಒಂದು ದೊಡ್ಡ ಕೆಟ್ಟ ಚಾಳಿಯಿತ್ತು: ಹರಿಯುವ ಮೊದಲೇ ಗಿಡ್ಡವಾಗುವುದು. ಅಕ್ಕನದು ತಂಗಿಗೆ, ಅಣ್ಣನ ಚಡ್ಡಿ ತಂಗಿಗೆ, ಅಲ್ಲಿಂದ ಚಿಕ್ಕಮ್ಮನ ಮಗುವಿಗೆ, ಕೊನೆಗೆ ಒರೆಸುವ ಬಟ್ಟೆಗೆ. ಅಂಗಡಿಯವನು ಒಂದು ಮಾರಿದ್ದರಲ್ಲಿ ನಾಲ್ಕು ಮಕ್ಕಳು ಬೆಳೆದುಬಿಡುತ್ತಿದ್ದವು. ಇದಕ್ಕೆ ಮೊದಲ ಮದ್ದು ಬಣ್ಣ. ಹುಡುಗಿಗೆ ಗುಲಾಬಿ, ಹುಡುಗನಿಗೆ ನೀಲಿ ಎಂದು ವೇದಕಾಲದಿಂದ ಬಂದಂತೆ ಹೇಳುತ್ತೇವೆ. ಅಮೆರಿಕದ ಮಕ್ಕಳುಡುಪಿನ ವ್ಯಾಪಾರಿ ಪತ್ರಿಕೆಯೊಂದು 1918ರಲ್ಲಿ ಇದಕ್ಕೆ ಸರಿಯಾಗಿ ಉಲ್ಟಾ ಬರೆದಿತ್ತು: ಗುಲಾಬಿ ಗಟ್ಟಿ ಬಣ್ಣ, ಆದ್ದರಿಂದ ಹುಡುಗರಿಗೆ, ನೀಲಿ ನಾಜೂಕು, ಆದ್ದರಿಂದ ಹುಡುಗಿಯರಿಗೆ. ಯಾವುದು ಯಾರಿಗೆ ಅನ್ನುವುದು ಮುಖ್ಯವಲ್ಲ, ಅಣ್ಣನದು ತಂಗಿಗೆ ಬರಬಾರದು ಅಷ್ಟೆ. ಎರಡನೇ ಮದ್ದು ಟ್ರೆಂಡು. ಹೋದ ವರ್ಷ ಅಕ್ಕ ಹಾಕಿದ್ದು ಈ ವರ್ಷ ‘ಓಲ್ಡ್’, ತಂಗಿಯೂ ಮುಟ್ಟಬಾರದು. ಮೂರನೆಯದೇ ದೊಡ್ಡವರ ಫ್ಯಾಷನ್ನನ್ನು ಕುಗ್ಗಿಸಿ ಕೊಡುವುದು. ಒಂದೇ ಪ್ಯಾಟರ್ನು, ಎರಡು ಸೈಜು. ಹೊಸದಾಗಿ ಯೋಚಿಸುವ ಖರ್ಚೂ ಉಳಿಯಿತು, ಅಮ್ಮ ಮಗಳ ಕಾಂಬೋ ಅಂತ ಎರಡು ಬಿಲ್ಲೂ ಆಯಿತು. ಮಾರ್ಕೆಟಿಂಗ್ ಪಂಡಿತರು ಇದಕ್ಕೊಂದು ತತ್ತ್ವವನ್ನೂ ಕಟ್ಟಿದ್ದಾರೆ: ಮಕ್ಕಳು ಈಗ ಬೇಗ ದೊಡ್ಡವರಾಗುತ್ತಿದ್ದಾರಂತೆ. ಕಾಲು ಎಳೆದು ಬೀಳಿಸಿ, ಮಕ್ಕಳು ಈಗೀಗ ತುಂಬಾ ಬೀಳುತ್ತಾರೆ ಅಂದ ಹಾಗೆ.

ಕಾಂಬೋ ಕೊಂಡ ಮೇಲೆ ಫೋಟೋ ಬೇಡವೇ? ಮಗಳ ಹೆಸರಿನಲ್ಲಿ ಇನ್‌ಸ್ಟಾ ಖಾತೆ, ಕೆಳಗೆ ‘ಅಮ್ಮ ನಿರ್ವಹಿಸುವ ಖಾತೆ’ ಎಂಬ ಒಕ್ಕಣೆ. ಮಗು ಸೊಂಟದ ಮೇಲೆ ಕೈಯಿಟ್ಟು ನಿಲ್ಲಬೇಕು, ಒಂದು ಕಾಲು ಮುಂದೆ, ಕತ್ತು ಓರೆ. ಆರಿಗೆ ಉಣ್ಣಬೇಕಾದದ್ದು ಎಂಟಾದರೂ ‘ಒನ್ ಮೋರ್ ಚಿನ್ನಾ’ ಮುಗಿಯುವುದಿಲ್ಲ. ಮಕ್ಕಳಲ್ಲಿ ತಮ್ಮ ಮೈಬಗ್ಗೆ ಕೀಳರಿಮೆ ಹುಟ್ಟಿಸುವಂಥ ಜಾಹೀರಾತು ಕೂಡದು ಎಂದು 2022ರ ಕೇಂದ್ರ ಮಾರ್ಗಸೂಚಿ ಹೇಳುತ್ತದೆ. ಅಮ್ಮನೇ ಜಾಹೀರಾತಾದರೆ ಗ್ರಾಹಕ ಆಯೋಗದಲ್ಲಿ ದೂರು ಯಾರ ಮೇಲೆ ಹಾಕಬೇಕೋ ವಕೀಲರನ್ನೇ ಕೇಳಬೇಕು.

ಬಟ್ಟೆಗೇ ಪಾಪ ಕಟ್ಟುವವಳು ನಾನಲ್ಲ. ಐದು ವರ್ಷದವಳು ಸೆಕೆಗೆ ಬರೀ ಚಡ್ಡಿಯಲ್ಲಿ ಅಂಗಳ ಸುತ್ತಿದರೂ ಅವಳು ಮಗುವೇ. ಅಮ್ಮನ ಸೀರೆ ಸುತ್ತಿಕೊಂಡು ಅಪ್ಪನ ಚಪ್ಪಲಿ ಹಾಕಿ ಟೀಚರಾಟ ಆಡಿದರೂ ಮಗುವೇ, ಆಟ ಸಾಕಾದರೆ ಸೀರೆಯನ್ನು ಅಲ್ಲೇ ಬಿಸಾಕಿ ಹೋಗುತ್ತಾಳೆ. ಬಿಸಾಕುವ ಹಕ್ಕಿಲ್ಲದ ವೇಷ ಮಾತ್ರ ಅವಳ ಆಟವಲ್ಲ. ಅದು ನಮ್ಮದು.

ಈ ನಾಟಕದ ಎರಡನೇ ಅಂಕ ಬರುವುದು ಹುಡುಗಿಗೆ ಹದಿಮೂರಾದಾಗ. ಅದೇ ಮಂಟಪ, ಅದೇ ಮುಂದಿನ ಸಾಲು, ಮೊಣಕಾಲಿನವರೆಗಿನ ಒಂದು ಸಾದಾ ಫ್ರಾಕು. ಥೇಟ್ ಮದುಮಗಳು ಎಂದಿದ್ದ ದೊಡ್ಡಮ್ಮ ಈಗ ಅವಳಮ್ಮನನ್ನು ಕಂಬದ ಮರೆಗೆ ಕರೆದು, “ದೊಡ್ಡೋಳಾದ್ಲು ಕಣೇ, ಮೈ ತುಂಬ ಬಟ್ಟೆ ಹಾಕ್ಸು” ಅನ್ನುತ್ತಾರೆ. ಮಾವಯ್ಯ ಈ ಹೊತ್ತಿಗೆ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರು, ಹೆಣ್ಣುಮಕ್ಕಳ ಉಡುಪಿನ ಕುರಿತು ವಾಟ್ಸ್ಆ್ಯಪ್ ಗುಂಪಿನಲ್ಲಿ ಸಂಸ್ಕೃತಿಯ ಸುತ್ತೋಲೆ ಹಾಕಿದ್ದಾರೆ, ಕೊನೆಯಲ್ಲಿ ಮೂರು ಕೈಮುಗಿದ ಇಮೋಜಿ. ಶಾಲೆಯಿಂದ ಓವರ್‌ಕೋಟಿನ ನೋಟ್ ಬಂದಿದೆ. ನಾಲ್ಕಕ್ಕೆ ಬೆನ್ನಿಲ್ಲದ ಕುಪ್ಪಸ ತೊಡಿಸಿದ ಕೈಗಳೇ ಈಗ ಕಾಲರಿಗೆ ಪಿನ್ನು ಚುಚ್ಚುತ್ತಿವೆ, ಹುಡುಗಿಗೆ ತಲೆಬುಡ ತಿಳಿಯುತ್ತಿಲ್ಲ. ಆಗ ಹೊಗಳಿಸಿಕೊಂಡದ್ದಕ್ಕೆ ಈಗ ಯಾಕೆ ಬೈಸಿಕೊಳ್ಳಬೇಕೆಂದು ಕೇಳಿದರೆ ಎದುರುತ್ತರ ಅನ್ನುತ್ತಾರೆ.

ಅಂಗಡಿಯ ಹುಡುಗನಿಗೆ ಮಾತ್ರ ಯಾವ ಗೊಂದಲವೂ ಇಲ್ಲ. ಅವನು ಎರಡನೇ ಮಹಡಿಯಲ್ಲಿ ಉದ್ದ ತೋಳಿನ ಕುರ್ತಾ, ಲೆಗ್ಗಿಂಗ್ಸು, ಒಳಗೊಂದು ಸ್ಲಿಪ್ಪು, ಮೇಲೊಂದು ಶ್ರಗ್ಗು, ಅದರ ಮೇಲೊಂದು ದುಪಟ್ಟಾ ಸಾಲಾಗಿ ಜೋಡಿಸಿಟ್ಟಿದ್ದಾನೆ. “ಡೀಸೆಂಟ್ ಕಲೆಕ್ಷನ್ ಮೇಡಂ, ಅಮ್ಮ ಮಗಳ ಕಾಂಬೋ ಇದರಲ್ಲೂ ಇದೆ” ಅನ್ನುತ್ತಾನೆ. ಅಪ್ಪ ಕಾರ್ಡ್ ಉಜ್ಜುತ್ತಾನೆ.