ಲಾರಿ ನಿಲ್ಲಸೋ ತಮ್ಮಾ

ಜೇವರ್ಗಿ ರೋಡಿಗೆ ಸ್ಕೂಟಿ ಇಳಿಸಲಿಕ್ಕೂ ಹೆದರುವ ಮನುಷ್ಯ ನಾನು. ಆದರೆ ರಾತ್ರಿ ಊಟ ಆದ ಮೇಲೆ ಕಂಪ್ಯೂಟರಿನ ಲಾರಿ ಓಡಿಸುವ ಆಟದಲ್ಲಿ ಇಪ್ಪತ್ತೆರಡು ಟನ್ ಮಾಲು ಹೇರಿಕೊಂಡು ಹ್ಯಾಂಬರ್ಗಿನಿಂದ ಪ್ರಾಗಿಗೆ ಹೊರಡುತ್ತೇನೆ. ಕೋಣೆಯ ದೀಪ ಆರಿಸಿ, ಹೆಡ್‌ಫೋನ್ ಏರಿಸಿಕೊಂಡು ಕೂತರೆ ಕಲಬುರಗಿ ಸೆಖೆಯೂ ಇಲ್ಲ, ಕೂಲರ್ ಸಪ್ಪಳವೂ ಇಲ್ಲ. ಅವ್ವ ಇದಕ್ಕೆ "ಲಾರಿಗೆ ಹೋಗ್ಯಾನ" ಅನ್ನುತ್ತಾಳೆ. ಬೀಗರು ಫೋನ್ ಮಾಡಿದರೂ ಅದನ್ನೇ ಹೇಳುತ್ತಾಳೆ. ನೌಕರಿ ಯಾವಾಗ ಬಿಟ್ಟ ಎಂದು ಒಬ್ಬಿಬ್ಬರು ಗಾಬರಿಯಾಗಿದ್ದೂ ಉಂಟು.

ಮೇ ತಿಂಗಳಲ್ಲಿ ನನ್ನ ಲಾರಿ ಕೈಕೊಟ್ಟಿತು. ಪ್ರಾಗ್ ಇನ್ನು ನಲವತ್ತು ಕಿಲೋಮೀಟರ್ ಇತ್ತು, ಅಷ್ಟರಲ್ಲಿ ಪರದೆ ಫಕ್ಕನೆ ಕಪ್ಪು. ನೀಲಿ ಪರದೆ ಬರಲಿಲ್ಲ, ಎರರ್ ಎಂಬ ಒಂದು ಅಕ್ಷರವೂ ಬರಲಿಲ್ಲ. ಕಂಪ್ಯೂಟರ್ ತಾನೇ ಮತ್ತೆ ಚಾಲೂ ಆಗಿ, ನಾನ್ಯಾರೋ ಹೊಸಬ ಎಂಬಂತೆ ಪಾಸ್‌ವರ್ಡ್ ಕೇಳಿತು.

ಮೊದಲು ನಾಡಿ ಹಿಡಿದವನು ಅಕ್ಕನ ಮಗ. ಎಂಜಿನಿಯರಿಂಗ್ ಎರಡನೇ ವರ್ಷ. "ಮಾಮಾ, ಹೀಟ್ ಆಗ್ಲಕತ್ತದ" ಎಂದು ಯಾವುದೋ ಸಾಫ್ಟ್‌ವೇರ್ ಹಾಕಿ ತೋರಿಸಿದ. ಹೊರಗೆ 43 ಡಿಗ್ರಿ, ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಒಳಗೆ 96. ನೂರರ ಹತ್ತಿರ ಹೋದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದಂತೆ, ಅದೂ ಮೀರಿದರೆ ಆರಿಬಿಡುತ್ತದಂತೆ. ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಡಬ್ಬಿ ಮಲಗಿಸಿ ಬಾಗಿಲು ತೆಗೆದೆವು. ನಮ್ಮ ಮನೆ ಇರುವುದು ದಾಲ್ ಮಿಲ್ಲಿನ ಹಿಂದೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಎಂಬ ಸರ್ಕಾರಿ ಮುದ್ರೆ, ಸಿಕ್ಕಿತಲ್ಲ, ಆ ಮಾನ್ಯತೆ ಪಡೆದ ತೊಗರಿಯ ಹೊಟ್ಟು ಅರ್ಧ ಸೇರಿನಷ್ಟು ನನ್ನ ಫ್ಯಾನಿನಲ್ಲಿತ್ತು. ಬ್ರಷ್ಷಿನಿಂದ ಕೆರೆದರೆ ಚಾದರದಂತೆ ಒಂದೇ ತುಂಡಾಗಿ ಎದ್ದು ಬಂತು. ಪ್ರೊಸೆಸರ್ ಮೇಲಿನ, ಶಾಖವನ್ನು ಹೊರಗೆ ದಾಟಿಸುವ ಥರ್ಮಲ್ ಪೇಸ್ಟ್ ಹಳೇ ಗೋಡೆಯ ಸುಣ್ಣದ ಹಾಗೆ ಒಣಗಿ ಉದುರುತ್ತಿತ್ತು. ಅದನ್ನು ಒರೆಸಿ, ಹೊಸದನ್ನು ಒಂದು ತೊಗರಿ ಕಾಳಿನಷ್ಟು ಹಚ್ಚಿದ. ಲಾರಿ ಓಡಿಸಿ ನೋಡಿದರೆ 74 ಡಿಗ್ರಿ! ನಾಕು ದಿನ ಯುರೋಪಿನ ತುಂಬ ತಿರುಗಾಡಿದೆ. ಅಳಿಯನಿಗೆ ಸುಸಲಾ, ಮಿರ್ಚಿ ಭಜಿ ತಿನ್ನಿಸಿದೆ.

ಐದನೇ ರಾತ್ರಿ ಮತ್ತೆ ಕಪ್ಪು.

ಊರಿನ ಸೂಪರ್ ಮಾರ್ಕೆಟ್ ಬಜಾರಿನ ಒಂದು ಕಂಪ್ಯೂಟರ್ ಅಂಗಡಿಗೆ ಡಬ್ಬಿ ಹೊತ್ತುಕೊಂಡು ಹೋದೆ. ಅಂಗಡಿಯವನು ಅದನ್ನು ತೆರೆಯುವ ಮೊದಲೇ "ರ‍್ಯಾಮ್ ಸಡ್ಲ ಆಗ್ಯಾದ ಸರ್" ಅಂದ. ರ‍್ಯಾಮ್ ಎಂಬ ನೆನಪಿನ ಪಟ್ಟಿಯನ್ನು ಕಿತ್ತು, ಅದರ ಬಂಗಾರದ ಬಣ್ಣದ ಅಂಚನ್ನು ಸಾಲಿ ಮಕ್ಕಳ ರಬ್ಬರಿನಿಂದ ಗಸಗಸ ಉಜ್ಜಿ ಮತ್ತೆ ಕೂಡಿಸಿದ. ಬಿಲ್ಲು ಇನ್ನೂರು, ರಬ್ಬರ್ ಅವನದೇ. ಮತ್ತೆ ನಾಕು ದಿನ ಛಲೋ ನಡೆಯಿತು, ಐದನೇ ದಿನ ಕಪ್ಪು. ಆಮೇಲೆ ಆಫೀಸಿನ ಗೆಳೆಯ ಬಂದು ಫಾರ್ಮ್ಯಾಟ್ ಹೊಡೆದ. ಆ ಹೊಡೆತಕ್ಕೆ ಹೊಲದ ಪಹಣಿಯ ಸ್ಕ್ಯಾನು ಹೋಯಿತು, ಲಾರಿಯ ಮೂರು ತಿಂಗಳ ದುಡಿಮೆಯೂ ಹೋಯಿತು. ಹಾಗೆ ನೋಡಿದರೆ ಅವನ ಔಷಧ ಐದು ದಿನ ತಡೆಯಿತು. ಈಗಲೂ ಅವನು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ.

ಅಳಿಯನಿಗೆ ಮರ್ಯಾದೆ ಪ್ರಶ್ನೆ ಬಂತು. ಕಂಪ್ಯೂಟರ್ ತನ್ನ ಸುಖದುಃಖ ಬರೆದಿಡುವ ಈವೆಂಟ್ ವ್ಯೂವರ್ ಎಂಬ ದಫ್ತರವನ್ನು ತೆಗೆದ. ಕೆಂಪು ಗುರುತಿನ ಮುಂದೆ 'ಕರ್ನೆಲ್ ಪವರ್ 41' ಅಂತಿತ್ತು. ಸರಿಯಾಗಿ ಬಂದ್ ಮಾಡದೇ ಯಂತ್ರ ಮರುಶುರುವಾಗಿದೆ ಅಂತ ಅದರ ಅರ್ಥ. ನನಗೂ ಗೊತ್ತಿದ್ದ ಸಂಗತಿ. "ಬಗ್‌ಚೆಕ್ ಕೋಡ್ ಸೊನ್ನೆ ಅದ ಮಾಮಾ. ವಿಂಡೋಸ್‌ಗೂ ಯಾಕಂತ ಗೊತ್ತಾಗಿಲ್ಲ. ಕರೆಂಟಿಂದೇ ಏನೋ ಇರಬೇಕು" ಅಂದ. ಯುಪಿಎಸ್ ಎಲ್ಲಿ ಅಂತ ಕೇಳಿದ. ಅದರ ಬ್ಯಾಟರಿ ಸತ್ತು ಎರಡು ವರ್ಷ ಆಗಿದೆ, ಈಗ ಅದು ರೂಟರ್ ಕೂಡಿಸುವ ಸ್ಟೂಲು. ಸೊಲ್ಲೆತ್ತದೆ ಕೂತೆ.

ಪರದೆ ಕಪ್ಪಾದ ತಾರೀಖುಗಳನ್ನು ನನ್ನನ್ನು ಕೇಳಿ ಚೀಟಿಯಲ್ಲಿ ಬರೆದುಕೊಂಡು ಅವನು ನೀರು ಕುಡಿಯಲು ಅಡಿಗೆಮನೆಗೆ ಹೋದ. ಅಲ್ಲಿ ಅವ್ವನ ಕ್ಯಾಲೆಂಡರ್ ತೂಗಿದೆ. ಹಾಲು ಬರದ ದಿನಕ್ಕೆ ಅಡ್ಡಗೆರೆ, ಸಿಲಿಂಡರ್ ಹಚ್ಚಿದ ದಿನಕ್ಕೆ 'ಗ್ಯಾ', ಏಕಾದಶಿಗೆ ಸುತ್ತು. ನಡುನಡುವೆ, ನಾಕೈದು ದಿನಕ್ಕೊಂದು, 'ನೀ' ಎಂಬ ಅಕ್ಷರ.

"ಅಜ್ಜಿ, ಇದೇನು 'ನೀ' ಅಂದ್ರ?"

"ನಳ ಬಂದ ದಿನ. ಬರೆದಿಡ್ಲಿಲ್ಲಂದ್ರ ಯಾರಿಗೆ ನೆಪ್ಪ ಇರ್ತದ?"

ಚೀಟಿಯನ್ನು ಕ್ಯಾಲೆಂಡರಿಗೆ ಹಿಡಿದು ನೋಡಿದೆವು. ನಾಕಕ್ಕೆ ನಾಕೂ ಕೂಡಿದವು.

ನಳ ಬರುವುದು ರಾತ್ರಿ ಒಂಬತ್ತರ ಸುಮಾರಿಗೆ. ಸಂಪು ತುಂಬಿದ ಕೂಡಲೇ ಅವ್ವ ಮೋಟರ್ ಹಾಕಿ ಮ್ಯಾಲಿನ ಟಾಕಿಗೆ ಏರಿಸುತ್ತಾಳೆ. ಚಾಲೂ ಆಗುವ ಕ್ಷಣಕ್ಕೆ ಮೋಟರ್ ಮಾಮೂಲಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ವಯರಿನ ದುಡ್ಡು ಉಳಿಸಲು ಅಪ್ಪ ಅದನ್ನೂ ನನ್ನ ಕೋಣೆಯನ್ನೂ ಒಂದೇ ಲೈನಿಗೆ ಹಾಕಿಸಿದ್ದರು. ವೋಲ್ಟೇಜ್ ಕುಸಿದಾಗ ಕಂಪ್ಯೂಟರಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್ ಉಸಿರು ಹಿಡಿದು ದಬ್ಬುತ್ತದೆ, ಆದರೆ ಪೂರ್ತಿ ಲೋಡಿದ್ದರೆ ಅದರ ದಮ್ಮು ಸುಮಾರು 16 ಮಿಲಿಸೆಕೆಂಡ್ ಅಷ್ಟೇ. ಪರೀಕ್ಷೆ ಮಾಡಿದೆವು. ನಾನು ಪತ್ರ ಟೈಪ್ ಮಾಡುತ್ತ ಕೂತೆ, ಅಳಿಯ ಮೋಟರ್ ಹಾಕಿದ. ಏನೂ ಆಗಲಿಲ್ಲ. ಲಾರಿ ಹತ್ತಿದೆ, ಮೋಟರ್ ಹಾಕಿದ. ಕಪ್ಪು! ಇಬ್ಬರೂ ಖುಷಿಯಿಂದ ಕುಣಿದೆವು. ತನ್ನ ಯಂತ್ರ ಸತ್ತಿದ್ದಕ್ಕೆ ಕುಣಿದವನು ಓಣಿಯಲ್ಲಿ ನಾನೊಬ್ಬನೇ ಇರಬೇಕು.

"ಮೋಟರ್ ಹಾಕೋ ಮುಂದ ನನಗೊಂದು ಮಾತು ಹೇಳಬಾರ್ದೇನವ್ವಾ?"

"ಕಿವಿಗೆ ಆ ಬುಟ್ಟಿ ಹಾಕ್ಕೊಂಡ್ ಕೂತವಗ ಏನು ಹೇಳ್ಲಿ? ನೀ ಲಾರಿಗೆ ಹೋದಾಗೊಮ್ಮೆ ನನ್ನ ಮೋಟರ್ ಗುಂಯ್ ಅಂತ ನರಳ್ತಿತ್ತು. ಮಿಸ್ತ್ರಿಗಿ ಕರೆಸಿ, 350 ರೂಪಾಯಿ ಕೊಟ್ಟು ಕಂಡೆನ್ಸರ್ ಬದಲಿ ಮಾಡ್ಸೀನಿ. ಒಂದ್ ಸಲ ಛಲೋ ನಡೀತು, ಮತ್ತ ಅದೇ ಹಾಡು."

ಮೀಟರಿನಿಂದ ಬೇರೆ ಲೈನ್ ಎಳೆಯಲು ಅದೇ ಮಿಸ್ತ್ರಿ ಬರುತ್ತೇನೆಂದು ಹೇಳಿ ಹದಿನೈದು ದಿನವಾಯಿತು. ಅಲ್ಲಿಯತನಕ ಒಂದು ಬಂದೋಬಸ್ತ್ ಮಾಡಿಕೊಂಡಿದ್ದೇವೆ. ನಳ ಬಂದ ಸಪ್ಪಳ ಕೇಳಿದರೆ ಅವ್ವ ಕೋಣೆಗೆ ಬಂದು ಹೆಡ್‌ಫೋನನ್ನು ಒಂದು ಕಿವಿಯಿಂದ ಎತ್ತಿ ಹೇಳುತ್ತಾಳೆ: "ಲಾರಿ ನಿಲ್ಲಸೋ ತಮ್ಮಾ, ನೀರು ಬಂದಾವ."

ಮೊನ್ನೆಯೂ ಹಾಗೇ ಆಯಿತು. ಡ್ರೆಸ್ಡನ್ ದಾಟಿ ರಸ್ತೆ ಬದಿಗೆ ಲಾರಿ ಹಚ್ಚಿ, ಸೇವ್ ಮಾಡಿ, ಕಂಪ್ಯೂಟರ್ ಬಂದ್ ಮಾಡಿ ಪೈಪ್ ಹಿಡಿಯಲು ಹೋದೆ. ಟಾಕಿ ತುಂಬಿತು. ಮೋಟರ್ ಬಂದಾಯಿತು. ಕೈ ಒರೆಸಿಕೊಂಡು ಬಂದು ಲಾರಿ ಹತ್ತಿ ಗೇರ್ ಹಾಕಿದೆನೋ ಇಲ್ಲವೋ, ಪರದೆ ಕಪ್ಪು. ಹೆಡ್‌ಫೋನ್ ತೆಗೆದು ಕೇಳಿಸಿಕೊಂಡೆ. ಗೋಡೆಯಾಚೆ ಪಕ್ಕದ ಮನೆಯ ಮೋಟರ್ ಗುಂಯ್ ಅನ್ನುತ್ತಿತ್ತು.