ಅಂಕಲ್, ಸ್ವಲ್ಪ ಸೈಡಿಗೆ

ಏಪ್ರಿಲ್ ಕೊನೆಯ ಭಾನುವಾರ. ಬೆಳಿಗ್ಗೆ ಆರೂವರೆಗೆ ಕುಂದವಾಡ ಕೆರೆ ಹತ್ತಿರದ ಒಂದು ಕಕ್ಕೆ ಮರದ ಕೆಳಗೆ ಕೂತಿದ್ದೆ. ದಾವಣಗೆರೆಯ ಬೇಸಿಗೆಯಲ್ಲಿ ಎಂಟು ಗಂಟೆ ದಾಟಿದ ಮೇಲೆ ಹೂ ನೋಡಲು ಹೋಗುವವನಿಗೆ ಹೂವಿನ ಮೇಲೆ ಪ್ರೀತಿ ಇದೆ ಎಂದಲ್ಲ, ತಲೆ ಸರಿ ಇಲ್ಲ ಎಂದು ಅರ್ಥ. ಮರದಲ್ಲಿ ಎಲೆ ಹೆಸರಿಗೆ ನಾಲ್ಕು. ಉಳಿದದ್ದೆಲ್ಲ ಹಳದಿ ಗೊಂಚಲು. ಅದನ್ನೇ ನೋಡುತ್ತಾ ಕೂತವನಿಗೆ ಒಂದು ವಿಷಯ ಹೊಳೆಯತೊಡಗಿತು. ಬಹಳ ಒಳ್ಳೆಯ ವಿಷಯ. ಇನ್ನೇನು ಅದರ ಬಾಲ ಕೈಗೆ ಸಿಕ್ಕಿತು ಅನ್ನುವಷ್ಟರಲ್ಲಿ ಹಿಂದಿನಿಂದ ಧ್ವನಿ ಬಂತು.

"ಅಂಕಲ್, ಸ್ವಲ್ಪ ಸೈಡಿಗೆ ಬರ್ತೀರಾ? ಫ್ರೇಮಲ್ಲಿ ಬರ್ತಿದೀರ."

ತಿರುಗಿ ನೋಡಿದರೆ ಕ್ಯಾಮೆರಾ ಹಿಡಿದ ಹುಡುಗ. ಅವನ ಹಿಂದೆ ಬೆಳ್ಳಿ ತಟ್ಟೆಯಂಥದ್ದನ್ನು ಹೊತ್ತ ಇನ್ನೊಬ್ಬ. ಅವನ ಹಿಂದೆ ಮದುವೆ ನಿಶ್ಚಯವಾದ ಜೋಡಿ. ಹುಡುಗಿಯದು ಹಳದಿ ಲಂಗ. ಮರಕ್ಕೆ ಮ್ಯಾಚಿಂಗು.

ಎದ್ದು ಪಕ್ಕಕ್ಕೆ ಹೋದೆ. ಹೊಳೆಯುತ್ತಿದ್ದ ವಿಷಯವೂ ಎದ್ದು ಎಲ್ಲಿಗೋ ಹೋಯಿತು. ಅದು ನೆನಪಾದರೆ ಈ ಬರಹದಲ್ಲೇ ಎಲ್ಲಾದರೂ ಹೇಳುತ್ತೇನೆ.

ನನಗೆ ಫೋಟೊ ತೆಗೆಯುವವರ ಮೇಲೆ ಸಿಟ್ಟಿಲ್ಲ. ಹಾಗೆಂದು ಬರೆದು ಒಮ್ಮೆ ಓದಿಕೊಂಡೆ. ಸುಳ್ಳು. ಇದೆ. ಜನವರಿ ಬಂದರೆ ಸಾಕು, ಬೆಂಗಳೂರಿನ ನೆಂಟರು ಟಬೂಬಿಯಾದ ಗುಲಾಬಿ ಮರಗಳ ಫೋಟೊ ಕಳಿಸಲು ಶುರು ಮಾಡುತ್ತಾರೆ. "ಥೇಟ್ ಜಪಾನ್ ಥರ ಅಲ್ವಾ?" ಜಪಾನಿಗೆ ಹೋದವರು ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಆ ಮರದ ತವರು ಇರುವುದೋ ಅತ್ತ ಅಮೆರಿಕ ಖಂಡದಲ್ಲಿ. ಅದೇ ಫೆಬ್ರವರಿಯಲ್ಲಿ ನಮ್ಮ ಕುರುಚಲು ಗುಡ್ಡಗಳಲ್ಲಿ ಮುತ್ತುಗ ಕೆಂಡದ ಹಾಗೆ ಉರಿಯುತ್ತಿರುತ್ತದೆ. ಅದರ ಫೋಟೊ ಒಂದೂ ಬರುವುದಿಲ್ಲ. ಯುಗಾದಿ ಹೊತ್ತಿಗೆ ಹೊಂಗೆ ಹೊಸ ಎಲೆ ಹೊತ್ತು, ಎಣ್ಣೆ ಹಚ್ಚಿಸಿಕೊಂಡ ಮಗುವಿನ ಹಾಗೆ ಮಿರಮಿರ ಮಿಂಚುತ್ತದೆ. ಅದರ ಮುಂದೆ ಯಾರೂ ಲಂಗ ಹರಡಿ ನಿಲ್ಲುವುದಿಲ್ಲ. ಬೇವಿನ ಹೂವಿಗಂತೂ ವರ್ಷಕ್ಕೆ ಒಂದೇ ದಿನ ಮರ್ಯಾದೆ. ಅದೂ ಬೆಲ್ಲದ ಜೊತೆ.

ಬೆಂಗಳೂರಿನವರ ಅದೃಷ್ಟಕ್ಕೆ ಅವರಿಗೆ ಕೃಂಬಿಗಲ್ ಸಿಕ್ಕಿದ್ದರು. ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ತೋಟಗಾರ. ಒಂದು ಮರದ ಹೂ ಮುಗಿಯುತ್ತಿದ್ದಂತೆ ಇನ್ನೊಂದು ಮರ ಶುರು ಮಾಡಬೇಕು, ಊರಿನಲ್ಲಿ ವರ್ಷವಿಡೀ ಹೂವಿರಬೇಕು ಅನ್ನುವುದು ಅವರ ಲೆಕ್ಕ. ಮನೆಯಲ್ಲಿ ಒಂದು ಹಬ್ಬದ ಹೋಳಿಗೆ ಮುಗಿಯುವ ಮೊದಲೇ ಮುಂದಿನ ಹಬ್ಬದ ಬೇಳೆ ನೆನೆಹಾಕುವ ಅಜ್ಜಿಯರ ಹಾಗೆ. ನಮ್ಮ ಊರಿಗೆ ಅಂಥ ಲೆಕ್ಕ ಹಾಕಿದವರು ಕಾಣೆ. ಇಲ್ಲಿ ಗುಲ್‌ಮೊಹರ್, ಕಕ್ಕೆ ಎಲ್ಲ ಬೇಸಿಗೆಯಲ್ಲೇ ಒಟ್ಟಿಗೆ ಬಂದು, ಒಟ್ಟಿಗೆ ಎದ್ದು ಹೋಗುತ್ತವೆ. ಊಟಕ್ಕೆ ಕೂತ ಬೀಗರ ಹಾಗೆ.

ಲಾಲ್‌ಬಾಗ್ ಅಂದ ಮೇಲೆ ನಮ್ಮ ಸೋದರಮಾವನ ವಿಷಯ ಹೇಳಲೇಬೇಕು.

1984ರ ಆಗಸ್ಟ್. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ಮಾವ ಹತ್ತಿ ಮಿಲ್ಲಿನಲ್ಲಿ ಕೆಲಸದಲ್ಲಿದ್ದರು. ಸ್ವಾತಂತ್ರ್ಯ ದಿನದ ಫಲಪುಷ್ಪ ಪ್ರದರ್ಶನ ತೋರಿಸುತ್ತೇನೆಂದು ನನ್ನನ್ನು ರಾತ್ರಿಯ ಮೀಟರ್‌ಗೇಜ್ ರೈಲು ಹತ್ತಿಸಿದರು. ಅತ್ತೆ ಎರಡು ಸೇರು ಮಂಡಕ್ಕಿ ಕಟ್ಟಿಕೊಟ್ಟಿದ್ದರು. ಅರಸೀಕೆರೆ ಬರುವ ಹೊತ್ತಿಗೆ ಮಂಡಕ್ಕಿ ಖಾಲಿ, ಮಾವನ ಮಾತು ಮಾತ್ರ ಮುಗಿದಿರಲಿಲ್ಲ. ಹೈದರಾಲಿ ಹಾಕಿಸಿದ ತೋಟ, ಇನ್ನೂರ ನಲವತ್ತು ಎಕರೆ, ಒಳಗೆ ಗಾಜಿನ ಅರಮನೆ ಎಂದೆಲ್ಲ ಎದುರು ಸೀಟಿನವರಿಗೆ ಹೇಳುತ್ತಿದ್ದರು. ತಾವೂ ನೋಡಿರಲಿಲ್ಲ ಎನ್ನುವುದನ್ನು ಮಾತ್ರ ಹೇಳಲಿಲ್ಲ.

ಮಾವನಿಗೆ ಒಂದು ಸಿದ್ಧಾಂತವಿತ್ತು. ಗಿಡವನ್ನು ಕೊಂಡು ತಂದರೆ ಬದುಕಲ್ಲ. ಕೇಳಿ ತಂದರೆ ಬದುಕುತ್ತೆ, ಆದರೆ ಬೆಳೆಯಲ್ಲ. ಕದ್ದು ತಂದದ್ದೇ ಹುಲುಸಾಗಿ ಬರುತ್ತೆ. ಬೇರೆ ಯಾವ ವಿಷಯದಲ್ಲೂ ಅವರು ಒಂದು ಪೈಸೆ ಮುಟ್ಟಿದವರಲ್ಲ. ಗಿಡದ ವಿಷಯದಲ್ಲಿ ಮಾತ್ರ ಕಳ್ಳ.

ಗಾಜಿನ ಮನೆಯಲ್ಲಿ ಜನ ಹೂವಿನ ಗೋಪುರದ ಸುತ್ತ ಮುಗಿಬಿದ್ದಿದ್ದರು. ಮಾವ ಅತ್ತ ನೋಡಲೂ ಇಲ್ಲ. ಮೂಲೆಯಲ್ಲಿ ಕುಂಡಗಳಲ್ಲಿ ಇಟ್ಟಿದ್ದ ಒಂದು ಗಿಡದ ಮುಂದೆ ನಿಂತುಬಿಟ್ಟರು. ಕೆಂಪು, ಹಳದಿ, ಕೇಸರಿ ಎಲ್ಲ ಒಂದೇ ಎಲೆಯಲ್ಲಿ. "ನೋಡ್ಲೇ, ಹೋಳಿ ಆಡಿ ಬಂದೈತಿ" ಅಂದರು. ನಾನು ಹೂವಿನ ಆನೆಯನ್ನು ನೋಡಿ ತಿರುಗುವಷ್ಟರಲ್ಲಿ ಗೇಣುದ್ದದ ಕಡ್ಡಿಯೊಂದು ಅವರ ಮಡಚಿದ ಛತ್ರಿಯೊಳಗೆ ಸೇರಿತ್ತು.

ಹೊರಗೆ ಬಂದೆವು. ಮಳೆ ಶುರುವಾಯಿತು.

ಬೆಂಗಳೂರಿನ ಆಗಸ್ಟ್ ಮಳೆ ಅದು, ಬಿಡುವ ಜಾತಿಯದಲ್ಲ. ಸುತ್ತಲೂ ಜನ ಛತ್ರಿ ಬಿಚ್ಚಿದರು. ನಾವಿಬ್ಬರು ಮಾತ್ರ ಛತ್ರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ತೊಪ್ಪೆಯಾಗಿ ನಡೆಯುತ್ತಿದ್ದೆವು. ಗೇಟಿನ ಕಾವಲುಗಾರನಿಗೆ ಪಾಪ ಅನ್ನಿಸಿತು.

"ಯಜಮಾನ್ರೇ, ಮಗು ನೆನೀತಾ ಇದೆ, ಛತ್ರಿ ಬಿಚ್ಚಿ."

ಮಾವ ನಿಂತರು. ನನಗೆ ಎದೆ ಡವಡವ.

"ಇರ್ಲಿ ಬಿಡ್ರಿ. ನಮ್ ಕಡೆ ಮಳಿ ಕಮ್ಮಿ. ಸಿಕ್ಕಾಗ ನೆನ್ಕೊಂಡು ಹೋಗ್ತೀವಿ."

ಅವನು ಪಾಪ, ನಂಬಿದ. ನಮ್ಮ ಬರಗಾಲಕ್ಕೆ ಅಷ್ಟು ಹೆಸರಿತ್ತು.

ವಾಪಸು ರೈಲಿನಲ್ಲಿ ನನಗೆ ಜ್ವರ, ಛತ್ರಿಗೆ ಕಿಟಕಿ ಪಕ್ಕದ ಸೀಟು. ಮನೆಗೆ ಬಂದ ಕೂಡಲೇ ಮಾವ ಕಡ್ಡಿಯನ್ನು ಹಿತ್ತಲಿನ ನೆರಳಲ್ಲಿ ನೆಟ್ಟರು. ಮೇಲೆ ತೆಂಗಿನ ಗರಿಯ ಚಪ್ಪರ ಬೇರೆ. ಗಿಡ ಸಿದ್ಧಾಂತದ ಪ್ರಕಾರವೇ ಹುಲುಸಾಗಿ ಬಂತು. ಆದರೆ ಹಸಿರಾಗಿ ಬಂತು. ಶುದ್ಧ ಹಸಿರು. ಹೋಳಿಯೂ ಇಲ್ಲ, ಓಕುಳಿಯೂ ಇಲ್ಲ. ಅದು ಕ್ರೋಟನ್ ಗಿಡ, ಎಲೆಗೆ ಬಣ್ಣ ಬರಬೇಕಾದರೆ ಬಿಸಿಲು ಬೇಕು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಬಿಸಿಲಿಗೇ ಹೆಸರಾದ ಊರಿನಲ್ಲಿ ಆ ಗಿಡವನ್ನು ಬಿಸಿಲು ತಾಗದಂತೆ ಸಾಕಿದ್ದರು. ಅಷ್ಟೇ ಅಲ್ಲ, ಅದೇ ಜಾತಿಯ ಗಿಡ ನಮ್ಮ ಬೀದಿಯ ಮೂಲೆ ಮನೆಯ ಕಾಂಪೌಂಡಿನಲ್ಲಿ ಯಾರೂ ನೀರು ಹಾಕದೆಯೂ ಬಣ್ಣ ಬಣ್ಣವಾಗಿ ನಿಂತಿತ್ತು. ಮಾವ ಪ್ರತಿದಿನ ಅದರ ಪಕ್ಕದಲ್ಲೇ ಮಿಲ್ಲಿಗೆ ಹೋಗುತ್ತಿದ್ದರು.

ಮನೆಗೆ ಬಂದವರಿಗೆಲ್ಲ ಹಸಿರು ಗಿಡವನ್ನು ತೋರಿಸಿ "ಲಾಲ್‌ಬಾಗಿಂದು" ಅನ್ನುತ್ತಿದ್ದರು. ಯಾರೂ ಎದುರು ಮಾತಾಡಲಿಲ್ಲ. ಪಕ್ಕದ ಮನೆಯವರು ಒಂದು ಕಡ್ಡಿ ಕೇಳಿದಾಗ ಮಾವ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು, "ಕೇಳಿದ್ರೆ ಕೊಡಂಗಿಲ್ಲ. ಬರಂಗಿಲ್ಲ ಅದು." ಅವರಿಗೆ ಅರ್ಥವಾಯಿತು. ಅವತ್ತು ರಾತ್ರಿ ಹಿತ್ತಲಲ್ಲಿ ಕಟಕ್ ಎಂದು ಸದ್ದಾಯಿತು. ಅತ್ತೆ ಎದ್ದು ಕೂತರು. ಮಾವ ಕಣ್ಣು ಬಿಟ್ಟುಕೊಂಡೇ ಜೋರಾಗಿ ಗೊರಕೆ ಹೊಡೆಯುತ್ತಿದ್ದರಂತೆ.

ಇರಲಿ. ನಾನು ಹೇಳಲು ಹೊರಟದ್ದು ಕಕ್ಕೆ ಮರದ ವಿಷಯ.

ಈಗ ನಮ್ಮ ಊರಿನಲ್ಲೂ ಗಾಜಿನ ಮನೆ ಇದೆ. ಲಾಲ್‌ಬಾಗಿನದಕ್ಕಿಂತ ದೊಡ್ಡದು ಎಂದು ಇಲ್ಲಿಯ ಆಟೋದವರು ಮೀಟರಿಗೆ ಮೊದಲು ಅದನ್ನೇ ಹೇಳುತ್ತಾರೆ. ಅಲ್ಲೂ ಫಲಪುಷ್ಪ ಪ್ರದರ್ಶನ ಆಗುತ್ತದೆ. ನಾನೂ ಹೋಗುತ್ತೇನೆ. ಗುಲಾಬಿಯಲ್ಲಿ ಮಾಡಿದ ಗೋಪುರ, ಸೇವಂತಿಗೆಯಲ್ಲಿ ಮಾಡಿದ ಬಸವಣ್ಣ, ಹಾಗಲಕಾಯಿಯಲ್ಲಿ ಕೆತ್ತಿದ ಮೊಸಳೆ ಎಲ್ಲ ಕೈಚಳಕವೇ. ಆದರೂ ಹೂವನ್ನು ಹೂವಾಗಿ ಇರಲು ಬಿಟ್ಟರೆ ಇವರ ಗಂಟೇನು ಹೋಗುತ್ತೆ ಅಂತ ಒಳಗೊಳಗೇ ಗೊಣಗುತ್ತೇನೆ. ಹೊರಗೆ ಬಂದು ಮಂಡಕ್ಕಿ, ಮೆಣಸಿನಕಾಯಿ ತಿಂದ ಮೇಲೆ ಗೊಣಗಾಟ ಕಡಿಮೆಯಾಗುತ್ತದೆ.

ಕಕ್ಕೆಗೆ ಪ್ರದರ್ಶನದಲ್ಲಿ ಜಾಗವಿಲ್ಲ. ಹೂ ಉದುರಿದ ಮೇಲೆ ಅದರಲ್ಲಿ ಮೊಳದುದ್ದದ ಕಾಯಿ ಜೋತು ಬೀಳುತ್ತದೆ. ಒಣಗಿ ಕಪ್ಪಾದರೆ ಅಲ್ಲಾಡಿಸಿದಾಗ ಗಲಗಲ ಅನ್ನುತ್ತದೆ. ಒಳಗಿನ ಕಪ್ಪು ತಿರುಳನ್ನು ನಮ್ಮ ಅಜ್ಜಿ ಹೊಟ್ಟೆ ಕಟ್ಟಿದವರಿಗೆ ಕೊಡುತ್ತಿದ್ದರು. ಅದರ ಪರಿಣಾಮದ ಬಗ್ಗೆ ಮನೆಯಲ್ಲಿ ಯಾರಿಗೂ ಎರಡು ಅಭಿಪ್ರಾಯವಿರಲಿಲ್ಲ. ಇದನ್ನು ಆ ಹಳದಿ ಲಂಗದ ಹುಡುಗಿಗೆ ಹೇಳಬೇಕು ಅನ್ನಿಸಿತು. ಮದುವೆಯ ಆಲ್ಬಮ್ಮಿನ ಹಿನ್ನೆಲೆ ಏನೆಂದು ಅವರಿಗೂ ಗೊತ್ತಿರಲಿ ಅಲ್ವಾ? ಹೇಳಲಿಲ್ಲ. ಅಷ್ಟರಲ್ಲಿ ಕ್ಯಾಮೆರಾ ಹುಡುಗ ಮತ್ತೆ ನನ್ನ ಕಡೆಗೇ ಬಂದ.

"ಅಂಕಲ್, ನೀವು ಎತ್ತರ ಇದೀರ. ಆ ಕೊಂಬೆ ಸ್ವಲ್ಪ ಅಲ್ಲಾಡಿಸ್ತೀರಾ? ಹೂ ಉದುರಿದ್ರೆ ಶಾಟ್ ಚೆನ್ನಾಗ್ ಬರುತ್ತೆ."

ಮರಕ್ಕೆ ನೋವಾಗುತ್ತೆ, ತಾನಾಗಿ ಉದುರಿದಾಗ ತಗೊಳ್ಳಪ್ಪ ಎಂದು ಹೇಳಲು ಬಾಯಿ ತೆರೆದೆ. ಹುಡುಗ, ಹುಡುಗಿ ಇಬ್ಬರೂ ತಲೆ ಎತ್ತಿ ಕಾಯುತ್ತಿದ್ದರು. ಬೆಳ್ಳಿ ತಟ್ಟೆಯವನಿಗೆ ಆಗಲೇ ಬೆವರು.

ಬೆಂಚು ಹತ್ತಿ ಕೊಂಬೆ ಹಿಡಿದು ಅಲ್ಲಾಡಿಸಿದೆ. ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗೇ ಆಯಿತು. ಅರ್ಧ ಹೂ ಅವರ ಮೇಲೆ, ಅರ್ಧ ನನ್ನ ಬೋಳು ತಲೆಯ ಮೇಲೆ. ಒಂದು ಕಟ್ಟಿರುವೆ ಅಂಗಿಯೊಳಗೆ.

"ಸೂಪರ್ ಅಂಕಲ್! ಇನ್ನೊಂದೇ ಸಲ."