ಅದು ಕಾಲು ಚಾಚುವ ಜಾಗವಲ್ಲ

ನಿನ್ನೆ ಸಂಜೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಬರುವಾಗ ಕಂಡದ್ದನ್ನು ಬರೆಯದೆ ಇರಲಾಗುತ್ತಿಲ್ಲ. ನಮ್ಮ ಮುಂದಿನ ಸಾಲಿನಲ್ಲಿ, ರೆಕ್ಕೆಯ ಮೇಲಿನ ತುರ್ತು ಬಾಗಿಲ ಪಕ್ಕ, ಕಾಲು ಚಾಚಲು ಹೆಚ್ಚು ಜಾಗವಿರುವ ಆಸನದಲ್ಲಿ, ಒಬ್ಬ ತರುಣ ಕುಳಿತಿದ್ದ. ಗಗನಸಖಿ ಬಂದು ಬಾಗಿಲು ತೆರೆಯುವ ಕ್ರಮವನ್ನು ವಿವರಿಸತೊಡಗಿದರೆ, ಇಯರ್‌ಫೋನ್ ತೆಗೆಯದೆ, ಮೊಬೈಲಿನಿಂದ ಕಣ್ಣೆತ್ತದೆ ತಲೆಯಾಡಿಸಿದ. ಅಗತ್ಯಬಿದ್ದರೆ ಸಹಾಯ ಮಾಡುವಿರಾ ಎಂದು ಕೇಳಿದ್ದಕ್ಕೂ ಅದೇ ತಲೆಯಾಟ. ಕಾಲ ಬಳಿಯ ಬ್ಯಾಗನ್ನು ಮೇಲಿಡುವಂತೆ ಆಕೆ ಎರಡು ಸಲ ಹೇಳಬೇಕಾಯಿತು.

ಮೂವತ್ತು ವರ್ಷ ಧಾರವಾಡದಲ್ಲಿ ವಿಜ್ಞಾನ ಕಲಿಸಿದವಳು ನಾನು. ಪಾಠ ಕೇಳದೆ ತಲೆಯಾಡಿಸುವವರು ನನಗೆ ದೂರದಿಂದಲೇ ಗೊತ್ತಾಗುತ್ತಾರೆ. ಆದರೆ ಶಾಲೆಯಲ್ಲಿ ಕೇಳದವನು ಕಳೆದುಕೊಳ್ಳುವುದು ತನ್ನ ಅಂಕಗಳನ್ನು ಮಾತ್ರ. ಇಲ್ಲಿ ಅವನ ಅಜ್ಞಾನದ ಬೆಲೆಯನ್ನು ಹಿಂದೆ ಕುಳಿತ ನಾವು ತೆರಬೇಕಾಗುತ್ತದೆ. 1985ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಇನ್ನೂ ನೆಲ ಬಿಡದ ವಿಮಾನಕ್ಕೆ ಬೆಂಕಿ ಹತ್ತಿದಾಗ, ರೆಕ್ಕೆಯ ಬಾಗಿಲ ಪಕ್ಕದ ಪ್ರಯಾಣಿಕಳು ಹಿಡಿಕೆಯೆಂದು ತಿಳಿದು ಎಳೆದದ್ದು ಬಾಗಿಲಿಗೆ ಜೋಡಿಸಿದ್ದ ಕೈಯಾಸರೆಯನ್ನು. ಕೊನೆಗೆ ಕಳಚಿಕೊಂಡ ಬಾಗಿಲು ಆಕೆಯ ಮೇಲೆಯೇ ಬಿತ್ತು. ಅಂದು 55 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಹೊಗೆಯಿಂದ. ಗಾಬರಿಯಲ್ಲಿದ್ದ ಆಕೆಯನ್ನು ನಾನು ದೂರಲಾರೆ, ಆದರೆ ಎದುರಿಗೆ ನಿಂತು ಹೇಳಿಕೊಡುವಾಗಲೂ ಕೇಳದವನನ್ನು ಹೇಗೆ ಕ್ಷಮಿಸಲಿ?

ಬೀಳುವ ವಿಮಾನಕ್ಕೆ ಬಾಗಿಲು ಏನು ಮಾಡೀತು, ಎಲ್ಲ ಹಣೆಬರಹ ಎನ್ನುವವರು ನಿಮ್ಮಲ್ಲೂ ಇದ್ದೀರಿ. ಈ ಮಾತನ್ನು ನಾನು ಒಪ್ಪುವುದಿಲ್ಲ. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ, ಇಳಿಯುತ್ತಲೇ ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೆದು ಉರಿದ ಜಪಾನ್ ಏರ್‌ಲೈನ್ಸ್ ವಿಮಾನದಲ್ಲಿ ಎಂಟು ಬಾಗಿಲುಗಳ ಪೈಕಿ ಬಳಕೆಗೆ ಬಂದದ್ದು ಮೂರೇ, ಆದರೂ ಒಳಗಿದ್ದ 379 ಜನರೂ ಜೀವಂತವಾಗಿ ಹೊರಬಂದರು. 2025ರ ಅಹಮದಾಬಾದಿನ ವಿಮಾನ ದುರಂತದಲ್ಲಿ ಬದುಕುಳಿದ ಒಬ್ಬರೇ ಪ್ರಯಾಣಿಕರು ತುರ್ತು ಬಾಗಿಲ ಪಕ್ಕದ 11ಎ ಆಸನದಲ್ಲಿದ್ದರೆಂದು ಆ ಸಂಖ್ಯೆಯನ್ನು ಅದೃಷ್ಟವೆಂದು ಬೇಡುವವರು, ಆ ಆಸನದ ಜೊತೆಗೇ ಬರುವ ಹೊಣೆಯನ್ನು ಏಕೆ ಬೇಡುವುದಿಲ್ಲ?

ಇಷ್ಟೆಲ್ಲ ಹೇಳುವ ನನಗೆ ಹೆದರಿಕೆ ಇಲ್ಲವೆಂದಲ್ಲ. 2010ರಲ್ಲಿ ಮಂಗಳೂರಿನಲ್ಲಿ 158 ಜನ ಸತ್ತ ಮೇಲೆ ಎಷ್ಟೋ ವರ್ಷ ನಾನು ವಿಮಾನ ಹತ್ತಲಿಲ್ಲ; ಇವತ್ತಿಗೂ ಚಕ್ರಗಳು ನೆಲ ಬಿಡುವಾಗ ನನ್ನ ಅಂಗೈ ಬೆವರುತ್ತದೆ. ನಿನ್ನೆ ಪಕ್ಕದಲ್ಲಿದ್ದ ಗದಗಿನ ಅಜ್ಜಿಯ ಹೆದರಿಕೆ ಬೇರೆಯದು. "ಬಾಯಾರ, ಆ ಹುಡುಗ ನಿದ್ದಿಗಣ್ಣಾಗ ಬಾಗಲಕ್ಕ ಒರಗಿದರ ಅದು ತೆರಕೋತದೇನ್ರಿ?" ಎಂದು ಅವರು ನನ್ನ ಕೈ ಹಿಡಿದರು. ಮೇಲೆ ಹಾರುವಾಗ ಒಳಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಅರ್ಧ ಕಿಲೋ ಭಾರದಷ್ಟು ಹೆಚ್ಚು ಒತ್ತುತ್ತಿರುತ್ತದೆ, ಈ ಬಾಗಿಲನ್ನು ಮೊದಲು ಒಳಕ್ಕೆ ಎಳೆಯಬೇಕಾದ್ದರಿಂದ ಪೈಲ್ವಾನನೂ ಅಲ್ಲಿ ಅದನ್ನು ತೆರೆಯಲಾರ ಎಂದು ವಿವರಿಸಿದೆ. ಅದು ತೆರೆಯಬೇಕಾದದ್ದು ನೆಲದ ಮೇಲೆ, ವಿಮಾನ ನಿಂತ ಮೇಲೆ, ಸಿಬ್ಬಂದಿ ಹೇಳಿದಾಗ. ಅರ್ಧದಷ್ಟು ಬಾಗಿಲು ಮುಚ್ಚಿದ್ದರೂ 90 ಸೆಕೆಂಡಿನಲ್ಲಿ ಎಲ್ಲರೂ ಇಳಿಯುವಂತಿರಬೇಕೆಂದು ಪರೀಕ್ಷಿಸಿಯೇ ದೊಡ್ಡ ವಿಮಾನಗಳಿಗೆ ಒಪ್ಪಿಗೆ ಕೊಡುತ್ತಾರೆ ಎಂದೂ ಹೇಳಿದೆ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದರ ನೆಲಾ ಮುಟ್ಟೂದರೊಳಗ ಅಂವಗ ಗೊತ್ತಿರಬೇಕಲ್ಲ" ಎಂದವರೇ ಮುಂದೆ ಬಾಗಿ ತರುಣನ ಹೆಗಲು ತಟ್ಟಿ, "ತಮ್ಮಾ, ಆ ಬಾಗಲಾ ಹೆಂಗ ತೆಗೀಬೇಕಂತ ಒಮ್ಮೆ ಓದಿಕೋಪಾ" ಎಂದರು. ಅವನು ಇಯರ್‌ಫೋನ್ ತೆಗೆದ, ಮುಂದಿನ ಚೀಲದಿಂದ ಸುರಕ್ಷತೆಯ ಕಾರ್ಡನ್ನು ಎಳೆದುಕೊಂಡ.